ಮೊಳೆಗೆ ನೇತುಹಾಕಿದ ದಾರ

ಮರ ಕಡೆಯುವ ಲೇತ್ ಮುಂದೆ ನಿಲ್ಲುವ ಮೊದಲು ಕೈಯಲ್ಲಿರುವುದನ್ನೆಲ್ಲ ಬಿಚ್ಚಿಡಿ. ವಾಚು, ಉಂಗುರ, ಬಳೆ, ದೇವರ ದಾರ, ಯಾವುದೂ ಇರಬಾರದು. ತುಂಬುತೋಳಿನ ಅಂಗಿ ಬೇಡ, ಹೆಗಲ ಮೇಲೆ ಟವೆಲ್ ಬೇಡ. ಹೆಣ್ಣುಮಕ್ಕಳಾದರೆ ಜಡೆ ಸುತ್ತಿ ಕಟ್ಟಿ, ವೇಲನ್ನು ಊಟದ ಡಬ್ಬಿಯ ಜೊತೆ ಇಟ್ಟು ಬನ್ನಿ. ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾಲ್ಕು ಮಾತು ಬರೆದುಕೊಡು ಎಂದು ನಮ್ಮ ಯಜಮಾನರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಇದು. ಎರಡನೆಯ ಮಾತೂ ಒಂದಿದೆ. ಅದನ್ನು ಬರೆಯಲು ಹೋದರೆ ನನ್ನ ಮಾನವೇ ಹರಾಜಾಗುತ್ತದೆ. ಆದರೂ ಬರೆಯುತ್ತೇನೆ, ಸ್ವಲ್ಪ ತಡೆಯಿರಿ.

ನಾನು ಸಿದ್ದರಾಜು, ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದವನು. ಮರದ ಮೆಣಸಿನ ಗಿರಣಿ ಕಡೆಯುವುದು ನನ್ನ ಕೆಲಸವಾಗಿತ್ತು. ಗಿರಣಿ ಎಂದರೆ ಹಿಟ್ಟಿನ ಗಿರಣಿಯಲ್ಲ. ಒಂದು ಗೇಣು ಎತ್ತರದ ಮರದ ಕಂಬ ಅಂದುಕೊಳ್ಳಿ. ಕೆಳಗೆ ಒಡಲು, ಮೇಲೆ ತಲೆ, ಎರಡರ ನಡುವೆ ಉದ್ದಕ್ಕೂ ಒಂದು ಸರಳು. ಒಡಲೊಳಗೆ ಕರಿಮೆಣಸು ತುಂಬಿ ತಲೆ ತಿರುಗಿಸಿದರೆ ಬುಡದಲ್ಲಿರುವ ಉಕ್ಕಿನ ಹಲ್ಲು ಅದನ್ನು ಅರೆದು ತಟ್ಟೆಗೆ ಉದುರಿಸುತ್ತದೆ. ನಮ್ಮ ಮನೆಗಳಲ್ಲಿ ಮೆಣಸು ಕುಟ್ಟಾಣಿಗೆ ಹೋಗುತ್ತಿತ್ತು, ಇಲ್ಲವೇ ಒರಳಿಗೆ. ಮೊದಲ ಮಾದರಿಯನ್ನು ಯಜಮಾನರು ತಂದು ಮೇಜಿನ ಮೇಲಿಟ್ಟಾಗ ನಮ್ಮ ಮೇಸ್ತ್ರಿ ಬಸವಾಚಾರಿಯವರು ಅದನ್ನು ಮೇಲೆ ಕೆಳಗೆ ಮಾಡಿ ನೋಡಿ, "ಇದೇನು ಸಾ, ತೊಟ್ಟಿಲ ಕಾಲಾ?" ಎಂದು ಕೇಳಿದ್ದರು. ಊಟಕ್ಕೆ ಕೂತ ಮೇಲೆ ಮೆಣಸು ಅರೆಯುವ ಜನ ಪರದೇಶದಲ್ಲಿ ಇದ್ದಾರೆ ಎಂದರೆ ಅವರು ನಂಬಲಿಲ್ಲ. "ಅಡಿಗೆ ಮಾಡೋವಾಗ್ಲೇ ಆಕ್ಬಾರ್ದಾ? ಅಷ್ಟು ಮರೆವಾ ಅವ್ರಿಗೆ?"

ಬಸವಾಚಾರಿಯವರು ನಂಜನಗೂಡಿನವರೇ. ತೊಟ್ಟಿಲ ಕಾಲು, ಲಟ್ಟಣಿಗೆ, ಕಡಗೋಲು ಕಡೆದ ಮನೆತನ. ನಮ್ಮ ಶೆಡ್ಡು ಆಗ ನಂಜನಗೂಡಿನ ರೈಲ್ವೆ ಗೇಟಿನಾಚೆ ಇತ್ತು. ಸೇರಿದ ಮೊದಲ ದಿನವೇ ಅವರು ನನ್ನನ್ನು ಬಾಗಿಲ ಪಕ್ಕದ ಒಂದು ಹಲಗೆಯ ಮುಂದೆ ನಿಲ್ಲಿಸಿದರು. ಹಲಗೆಗೆ ಸಾಲಾಗಿ ಮೊಳೆ ಹೊಡೆದಿತ್ತು. ಒಂದೊಂದು ಮೊಳೆಯ ಕೆಳಗೂ ಒಬ್ಬೊಬ್ಬರ ಹೆಸರು. ಮೊಳೆಗಳಿಗೆ ವಾಚು, ಉಂಗುರ, ಕೆಂಪುದಾರ, ಹಳದಿದಾರ, ತಾಯತ ಎಲ್ಲ ನೇತಾಡುತ್ತಿದ್ದವು.

"ಲೇತಿಗೆ ದೇವ್ರು ದಿಂಡ್ರು ಗೊತ್ತಿಲ್ಲ ಕಣ್ಲಾ. ದಾರದ ಎಳೆ ಸಿಕ್ರೆ ಸಾಕು, ತೋಳು ತನಕ ಸುತ್ಕೊತದೆ. ಬೆಳಿಗ್ಗೆ ಬಿಚ್ಚಿ ಇಲ್ಲಿ ನೇತಾಕು. ಸಂಜೆ ಕಟ್ಕೊಂಡು ಓಗು. ದೇವ್ರು ಎಲ್ಲೂ ಓಗಕ್ಕಿಲ್ಲ."

ನಮ್ಮ ಮನೆಯಲ್ಲಿ ದಾರ ಕಟ್ಟುವ ಪದ್ಧತಿ ಇಲ್ಲ. ಗೋಡೆಯ ಮೇಲೆ ಬುದ್ಧನ ಪಟ ಇದೆ, ಅಷ್ಟೆ. ಹಾಗಾಗಿ ನನ್ನ ಮೊಳೆಗೆ ಬರೀ ವಾಚು. ಆದರೆ ಸಂಜೆ ಹೊತ್ತು ಎಲ್ಲರ ದಾರ ಕಟ್ಟುವ ಕೆಲಸ ನನಗೇ ಬೀಳುತ್ತಿತ್ತು. ತನ್ನ ಬಲಗೈಗೆ ತಾನೇ ಎಡಗೈಯಲ್ಲಿ ಗಂಟು ಹಾಕಿಕೊಳ್ಳಲು ಆಗುವುದಿಲ್ಲ, ಯಾರಾದರೂ ಕಟ್ಟಬೇಕು. ನನಗೆ ಬಿಚ್ಚುವ ಕಟ್ಟುವ ರಗಳೆ ಇರದಿದ್ದರಿಂದ ಎಲ್ಲರೂ ಸಾಲಾಗಿ ಬಂದು ನನ್ನ ಮುಂದೆ ಕೈ ಚಾಚುತ್ತಿದ್ದರು. ಬಸ್ಸಿನ ಹೊತ್ತಾಯಿತು ಎಂದು ಬೈಯುತ್ತಾ ಕಟ್ಟುತ್ತಿದ್ದೆ.

ಎರಡನೆಯ ದಿನ ಬಸವಾಚಾರಿಯವರು ಮರ ತಟ್ಟಲು ಕಲಿಸಿದರು. ಲೇತಿಗೆ ಏರಿಸುವ ಮೊದಲು ಪ್ರತಿಯೊಂದು ತುಂಡನ್ನೂ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಬೇಕು. ಗಟ್ಟಿ ಮರ ಟಣ್ ಎನ್ನುತ್ತದೆ. ಒಳಗೆ ಸೀಳು ಇದ್ದರೆ ಒಡೆದ ಮಡಕೆಯ ಹಾಗೆ ಬೊದ್ ಎನ್ನುತ್ತದೆ. ಸೀಳಿರುವ ತುಂಡು ಲೇತಿನ ವೇಗಕ್ಕೆ ಸಿಡಿದು ಯಾರ ಮುಖಕ್ಕೆ ಬಡಿಯುತ್ತದೋ ಹೇಳಲಾಗದು.

"ನಂಗೆ ಬತ್ತದಾ ಸಾ ಇದು?" ಎಂದೆ.

"ಹಲಸಿನ ಹಣ್ಣು ತಟ್ಟಿ ನೋಡಕ್ಕೆ ಬತ್ತದಾ?"

"ಬತ್ತದೆ."

"ಅಂಗಾರೆ ಇದೂ ಬತ್ತದೆ."

ನಿಜಕ್ಕೂ ಬಂತು. ಉಳಿ ಹಿಡಿಯುವುದು ಬರಲು ಮಾತ್ರ ವರ್ಷಗಳು ಬೇಕಾದವು. ಮರ ಕಿತ್ತುಬಂದಾಗಲೆಲ್ಲ ನಾನು ಉಳಿಯನ್ನು ದೂರುತ್ತಿದ್ದೆ, ಅವರು "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ನನ್ನ ಕೈಯಿಂದ ಅದೇ ಉಳಿಯನ್ನು ಕಿತ್ತುಕೊಂಡು ಅದರಲ್ಲೇ ಬೆಣ್ಣೆಯ ಹಾಗೆ ಕಡೆದು ತೋರಿಸುತ್ತಿದ್ದರು. ಆದರೆ ತಟ್ಟುವುದರಲ್ಲಿ ನಾನು ಅವರನ್ನೇ ಮೀರಿಸಿದೆ. ಕೂದಲೆಳೆಯಷ್ಟು ಸೀಳಿದ್ದರೂ ಹೇಳಿಬಿಡುತ್ತಿದ್ದೆ. ಅನುಮಾನ ಬಂದವರು ಗರಗಸದಿಂದ ಕುಯ್ದು ನೋಡಿ ಸುಮ್ಮನಾಗುತ್ತಿದ್ದರು. "ಸಿದ್ದನ ಕಿವಿ" ಎಂಬುದು ಶೆಡ್ಡಿನಲ್ಲಿ ಒಂದು ಮಾತೇ ಆಗಿಹೋಯಿತು. ನನಗೂ ಒಳಗೊಳಗೇ ಕೊಬ್ಬು ಬಂತು, ಸುಳ್ಳು ಯಾಕೆ ಹೇಳಲಿ.

ಬಸವಾಚಾರಿಯವರ ಕಾಲ ಮುಗಿದ ಮೇಲೆ ಯಜಮಾನರು ಶೆಡ್ಡನ್ನು ತಿರುಮಕೂಡಲು ನರಸೀಪುರಕ್ಕೆ ಸಾಗಿಸಿದರು. ಮರದ ಡಿಪೋ ಅಲ್ಲೇ ಇತ್ತು. ಲೇತುಗಳನ್ನು ಲಾರಿಗೆ ಏರಿಸುವಾಗ ಮೊಳೆಯ ಹಲಗೆಯನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ನಾನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದೆ. ಅಲ್ಲಿ ಇಬ್ಬರು ಹೊಸಬರು ಸೇರಿದರು. ಒಬ್ಬಳು ಸೋಸಲೆಯ ರತ್ನಮ್ಮ, ಹಲ್ಲು ಸರಳು ಜೋಡಿಸಿ ಗಿರಣಿ ಪರೀಕ್ಷೆ ಮಾಡುವ ಕೆಲಸ. ಇನ್ನೊಬ್ಬ ಮೂಗೂರಿನ ಚಿಕ್ಕಲಿಂಗ, ನನ್ನ ಪಕ್ಕದ ಲೇತಿನವನು. ಊರಮ್ಮನ ದಾರ ಬಿಚ್ಚುವುದಿಲ್ಲ ಎಂದು ಅವನು ಮೂರು ದಿನ ಹಟ ಹಿಡಿದ. ನಾಲ್ಕನೆಯ ದಿನ ನಾನು ಬರಿಯ ಹತ್ತಿಯ ದಾರವೊಂದನ್ನು ತಿರುಗುವ ಮರಕ್ಕೆ ಒಡ್ಡಿ ತೋರಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಗಜದುದ್ದ ಸುತ್ತಿಕೊಂಡಿತು. ಅವನು ದಾರ ಬಿಚ್ಚಿ ತನ್ನ ಹೆಸರಿನ ಮೊಳೆಗೆ ಹಾಕಿದ. ಅಂದಿನಿಂದ ಪ್ರತಿ ಸಂಜೆ ಅವನ ದಾರ ಕಟ್ಟುವವನು ನಾನು.

ನನ್ನ ಮೊದಲ ದೊಡ್ಡ ತಪ್ಪು ಅಕ್ಕಿಯದು. ಗಿರಣಿ ಸರಿಯಾಗಿ ಅರೆಯುತ್ತದೆಯೇ ಎಂದು ನೋಡಲು ಒಂದೊಂದರಲ್ಲೂ ಒಂದು ಚಿಟಿಕೆ ಮೆಣಸು ಹಾಕಿ ತಿರುಗಿಸುತ್ತಿದ್ದೆವು. ಇಷ್ಟು ಮೆಣಸು ಯಾಕೆ ಹಾಳು, ಅಕ್ಕಿ ಹಾಕಿದರೂ ಗೊತ್ತಾಗುತ್ತದಲ್ಲ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಬಿಳಿ ಹಿಟ್ಟು ಚೆನ್ನಾಗಿ ಕಾಣುತ್ತದೆ ಎಂದು ಎಲ್ಲರೂ ಒಪ್ಪಿದರು. ಮಳೆಗಾಲದಲ್ಲಿ ಗಿರಣಿಯ ಪೆಟ್ಟಿಗೆಗಳು ಹಡಗು ಹತ್ತಿ ಹೋದವು. ಎರಡು ತಿಂಗಳಿಗೆ ಕೊಂಡವರಿಂದ ಫೋಟೊ ಬಂತು. ಗಿರಣಿಯ ಬುಡದಿಂದ ಅಕ್ಕಿಹುಳಗಳು ಸಾಲಾಗಿ ಇಳಿದು ಬರುತ್ತಿವೆ. ಹಲ್ಲಿನ ಸಂದಿಯಲ್ಲಿ ಉಳಿದ ನುಚ್ಚಿನಲ್ಲಿ ಅವು ಸಂಸಾರ ಹೂಡಿದ್ದವು.

ಯಜಮಾನರು ಬೈಯಲಿಲ್ಲ. ಫೋಟೊವನ್ನು ದೊಡ್ಡದು ಮಾಡಿಸಿ ನನ್ನ ಲೇತಿನ ಮೇಲೆ ಅಂಟಿಸಿದರು. ಚಿಕ್ಕಲಿಂಗ ಅದನ್ನು ನೋಡಿದಾಗಲೆಲ್ಲ, "ನಾವ್ ಇನ್ನೂ ಬೆಂಗ್ಳೂರ್ನೇ ಸರ್ಯಾಗ್ ನೋಡ್ಲಿಲ್ಲ, ಸಿದ್ದಣ್ಣನ ಹುಳ ಫಾರಿನ್ಗೆ ಓಗ್ಬುಟ್ಟವೆ" ಎನ್ನುತ್ತಿದ್ದ.

ಮತ್ತೆ ಮೆಣಸಿನ ಪರೀಕ್ಷೆಯೇ ಜಾರಿಗೆ ಬಂತು. ರತ್ನಮ್ಮನ ಸೀನೂ ಮರಳಿ ಬಂತು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ದಿನವಿಡೀ ಪಕ್ಕದ ಕೋಣೆಯಿಂದ ಅವಳ ಸೀನು ಕೇಳುತ್ತಿತ್ತು. ಒಂದೊಂದು ಸೀನಿಗೂ ನನ್ನ ಹೆಸರು ಹಿಡಿದು ಬೈಗುಳ. ಅಕ್ಕಿಯ ಆಸೆ ತೋರಿಸಿ ಮತ್ತೆ ಮೆಣಸಿಗೇ ತಳ್ಳಿದವನು ನಾನು ಎಂದು ಅವಳ ವಾದ.

ಇನ್ನೊಂದು ಪಾಠವನ್ನೂ ಮಳೆಗಾಲವೇ ಕಲಿಸಿತು. ಹಸಿ ಆರದ ಮರಕ್ಕೆ ಒಂದೇ ಸಲಕ್ಕೆ ಅಳತೆಯ ತೂತು ಕೊರೆದರೆ ಆಮೇಲೆ ಅದು ಕುಗ್ಗಿ ಉಬ್ಬಿ ತಲೆ ತಿರುಗದಂತೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಮೊದಲು ಚಿಕ್ಕ ತೂತು ಕೊರೆದು, ಒರಟಾಗಿ ಕಡೆದು, ತಿಂಗಳುಗಟ್ಟಲೆ ಅಟ್ಟದಲ್ಲಿ ಇಡಿ. ಆಮೇಲೆ ಅಳತೆಗೆ ತನ್ನಿ. ಈಗ ತೇವ ಅಳೆಯುವ ಮೀಟರ್ ಬಂದಿದೆ, ಅದನ್ನು ನಂಬಿ. ಆತುರಗಾರನಿಗೆ ಬುದ್ಧಿ ಮಟ್ಟ.

ಇನ್ನು ಆ ಎರಡನೆಯ ಮಾತಿಗೆ ಬರುತ್ತೇನೆ.

ಒಂದು ಬೆಳಿಗ್ಗೆ ಚಹಾದ ಹೊತ್ತಿಗೆ ರತ್ನಮ್ಮನನ್ನು ಕೇಳಿದೆ, "ಏನವ್ವ, ಸೀನು ವಾಸಿ ಆದಂಗದೆ? ಔಷ್ದಿ ತಕಂಡ್ಯಾ?"

ಅವಳು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. "ಬೆಳಿಗ್ಗೆಯಿಂದ ಸೀನಿ ಸೀನಿ ಪಕ್ಕೆ ನೋಯ್ತಾ ಅದೆ ಸಿದ್ದಣ್ಣ. ನಿಂಗೆ ಕ್ಯಾಳ್ನಿಲ್ವಾ?"

ಕೇಳಿರಲಿಲ್ಲ. ಯೋಚಿಸಿದರೆ ಎಷ್ಟೋ ತಿಂಗಳಿಂದ ಬಸ್ ಕಂಡಕ್ಟರನ ಸೀಟಿಯೂ ಕೇಳಿರಲಿಲ್ಲ. ಕಂಡಕ್ಟರುಗಳೇ ಸೀಟಿ ಊದುವುದನ್ನು ಬಿಟ್ಟಿದ್ದಾರೆ ಅಂದುಕೊಂಡಿದ್ದೆ. ಕದ್ದು ಮೈಸೂರಿಗೆ ಹೋಗಿ ಕಿವಿ ತೋರಿಸಿದೆ. ಜೀವಮಾನವೆಲ್ಲ ಯಂತ್ರದ ಪಕ್ಕ ನಿಂತವರಿಗೆ ಸಣ್ಣ ದನಿ ಮೊದಲು ಹೋಗುತ್ತದೆ, ಎದುರು ನಿಂತು ಆಡಿದ ಮಾತು ಮಾತ್ರ ಉಳಿದಿರುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ವಾಪಸು ಬಂದು ಒಂದು ಒಳ್ಳೆಯ ತುಂಡನ್ನೂ ಒಂದು ಸೀಳಿದ ತುಂಡನ್ನೂ ತಟ್ಟಿ ನೋಡಿದೆ. ಎರಡೂ ಬೊದ್ ಎಂದವು.

ರತ್ನಮ್ಮನಿಗೆ ಮಾತ್ರ ಹೇಳಿದೆ. "ಯಜಮಾನ್ರಿಗೆ ಯೇಳು" ಎಂದಳು.

"ಯೇಳುದ್ರೆ ಲೇತಿಂದ ಇಳಿಸ್ಬುಡ್ತಾರೆ ಕಣವ್ವ. ಮರಳುಕಾಗ್ದ ಉಜ್ಜಕ್ಕೆ ಕೂರುಸ್ತಾರೆ."

"ನಾನು ಯೇಳಕ್ಕಿಲ್ಲ. ಆದ್ರೆ ನೀನು ಯೇಳ್ಬೇಕು. ಎಲ್ರೂ ನಿನ್ನ ಕಿವಿ ನಂಬ್ಕೊಂಡವ್ರೆ."

ನಾನು ಹೇಳಲಿಲ್ಲ. ಹೇಳದೆ ಇದ್ದದ್ದು ಒಂದು ದಿನ ಎರಡು ದಿನ ಅಲ್ಲ, ಒಂದು ವರ್ಷಕ್ಕೂ ಮಿಗಿಲು. ಅಷ್ಟೇ ಆಗಿದ್ದರೆ ನನ್ನ ಪಾಡು ನನಗೆ. ಆದರೆ ಅಷ್ಟರಲ್ಲಿ ಶೆಡ್ಡಿನವರೆಲ್ಲ ತಮ್ಮ ತಮ್ಮ ತುಂಡುಗಳನ್ನು ನನ್ನ ಹತ್ತಿರವೇ ತಂದು ತಟ್ಟಿಸುತ್ತಿದ್ದರು. ನಾನು ಕಿವಿಗೆ ಹಿಡಿದು, ತಟ್ಟಿ, ಕಣ್ಣು ಮುಚ್ಚಿ, ತಲೆ ಆಡಿಸುತ್ತಿದ್ದೆ. ಕೈಯ ಭಾರ, ಮರದ ಬಣ್ಣ, ತುದಿಯ ಗೆರೆ ನೋಡಿ ಅಂದಾಜಿನಲ್ಲಿ ಹೇಳುತ್ತಿದ್ದೆ. ಮುಕ್ಕಾಲು ಪಾಲು ಸರಿಯಾಗುತ್ತಿತ್ತು. ಕಾಲು ಪಾಲಿನ ಯೋಚನೆ ಬಂದಾಗ ಬೇರೆ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದೆ.

ಒಂದು ದಿನ ಡಿಪೋದಿಂದ ಹಳೆಯ ಹುಣಸೆ ಮರದ ತಿರುಳು ಬಂತು. ಕಪ್ಪು ಬಣ್ಣ, ಕಡೆದರೆ ಕನ್ನಡಿಯ ಹೊಳಪು. ಆದರೆ ಹುಣಸೆಯ ತಿರುಳಿನಲ್ಲಿ ಸೀಳು ಹೊರಗೆ ಕಾಣುವುದಿಲ್ಲ. ಚಿಕ್ಕಲಿಂಗ ಒಂದು ತುಂಡು ಹಿಡಿದು ಬಂದ.

"ಸಿದ್ದಣ್ಣ, ಇದ್ಯಾಕೋ ಅನ್ಮಾನ ಕಣಣ್ಣ. ಒಸಿ ತಟ್ಟಿ ನೋಡು."

ತಟ್ಟಿದೆ. ಕಣ್ಣು ಮುಚ್ಚಿದೆ. "ಏನೂ ಇಲ್ಲ, ಆಕು," ಎಂದೆ.

ಅವನು ಹೋಗಿ ಲೇತಿಗೆ ಏರಿಸಿದ. ಮುಖಕ್ಕೆ ಹಾಕುವ ಗಾಜಿನಂಥ ಪ್ಲಾಸ್ಟಿಕ್ ಪರದೆ ಅವನ ತಲೆಯ ಮೇಲೆಯೇ ಇತ್ತು. ಬೆವರಿಗೆ ಮಂಜು ಕಟ್ಟುತ್ತದೆಂದು ನಾವೆಲ್ಲ ಅದನ್ನು ಟೋಪಿಯ ಹಾಗೆ ಮೇಲಕ್ಕೆ ಸರಿಸಿಕೊಳ್ಳುತ್ತಿದ್ದೆವು. ನೀವು ಹಾಗೆ ಮಾಡಬೇಡಿ. ವೇಗ ಏರಿಸಿದ್ದೇ ತುಂಡು ಎರಡು ಹೋಳಾಯಿತು. ಒಂದು ಹೋಳು ಛಾವಣಿಗೆ ಬಡಿಯಿತು, ಇನ್ನೊಂದು ಅವನ ಬಲಗಣ್ಣಿನ ಕೆಳಗೆ. ಸಿಡಿದ ಸದ್ದು ನನಗೂ ಕೇಳಿಸಿತು. ಅವನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋಗುವಾಗ ಅವನ ಮೊಳೆಯ ಮೇಲಿದ್ದ ದಾರವನ್ನು ರತ್ನಮ್ಮ ತೆಗೆದು ಅವನ ಜೇಬಿಗೆ ಹಾಕಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಚಿಕ್ಕಲಿಂಗನ ಕೆನ್ನೆಯ ಮೂಳೆ ಮುರಿದಿತ್ತು. ಕಣ್ಣು ಉಳಿಯಿತು, ಆದರೆ ದೃಷ್ಟಿ ಮಂಕಾಯಿತು. ಶೆಡ್ಡಿನಲ್ಲಿ ಯಾರೂ ನನ್ನನ್ನು ದೂರಲಿಲ್ಲ. ಸಿದ್ದಣ್ಣನ ಕಿವಿಗೇ ಸಿಗದ ಸೀಳು ಇನ್ಯಾರಿಗೆ ಸಿಕ್ಕೀತು, ಚಿಕ್ಕಲಿಂಗನ ಗ್ರಹಚಾರ ಎಂದರು. ನಾನೂ ಹೌದು ಎಂದು ತಲೆ ಆಡಿಸಿದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು.

ಹದಿನೈದು ದಿನದ ಮೇಲೆ ಮೂಗೂರಿಗೆ ಅವನನ್ನು ನೋಡಲು ಹೋದೆ. ಚಿಕ್ಕಲಿಂಗ ಜಗಲಿಯ ಮೇಲೆ ಕೂತಿದ್ದ, ಅರ್ಧ ಮುಖಕ್ಕೆ ಬಟ್ಟೆ. ಅವನ ಹೆಂಡತಿ ಸಾಕಮ್ಮ ಕಾಫಿ ತಂದುಕೊಟ್ಟು ಅವನ ಬಲಗೈಯನ್ನು ಎತ್ತಿ ನನಗೆ ತೋರಿಸಿದಳು. ಹೊಸ ಕೆಂಪುದಾರ, ಮೂರು ಸುತ್ತು, ಗಂಟಿನ ಮೇಲೆ ಗಂಟು.

"ದಿನಾ ದಿನಾ ಬಿಚ್ಚಿ ಮೊಳೆಗೆ ನೇತಾಕುದ್ಕೆ ಇಂಗಾಯ್ತು ಕಣಣ್ಣ," ಎಂದಳು. "ಅಮ್ಮನ್ಗೆ ಕ್ವಾಪ ಬಂದದೆ. ಇನ್ನು ಸತ್ರೂ ಬಿಚ್ಚಕ್ಕಿಲ್ಲ ಅಂತ ಆಣೆ ಮಾಡ್ಸಿವ್ನಿ."

"ಊಂ ಕಣಣ್ಣ," ಎಂದ ಚಿಕ್ಕಲಿಂಗ. "ಇದ್ನ ಕಟ್ಕೊಂಡೇ ಕೆಲ್ಸಕ್ಕೆ ಬತ್ತೀನಿ. ಯಜಮಾನ್ರು ಬ್ಯಾಡ ಅಂದ್ರೆ ಅವ್ರೇ ನೋಡ್ಕಳ್ಳಿ."

ಕಾಫಿ ಕುಡಿದು ಎದ್ದೆ. ಬಸ್ ನಿಲ್ದಾಣದ ತನಕ ನಡೆದೆ. ಬಸ್ಸು ಬಂತು. ಹತ್ತಲು ಆಗಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಆ ದಾರ, ಆ ಮೂರು ಸುತ್ತು. ಇವನು ಈ ಕೈಯಲ್ಲಿ ಲೇತ್ ಮುಂದೆ ನಿಂತರೆ ಮುಂದಿನ ಸಲ ಹೋಗುವುದು ತೋಳು. ನಾನು ಬಾಯಿ ಮುಚ್ಚಿಕೊಂಡು ಅವನ ಕಣ್ಣು ಕೆಡಿಸಿದ್ದಾಯಿತು, ಇನ್ನು ಬಾಯಿ ಮುಚ್ಚಿಕೊಂಡೇ ಕೈಯನ್ನೂ ಕಳೆಯಬೇಕಾ? ನನ್ನ ಮೇಲೆ ನನಗೇ ಹೇಸಿಗೆಯಾಯಿತು. ವಾಪಸು ಹೋದೆ.

"ದಾರಕ್ಕೂ ಇದಕ್ಕೂ ಸಂಬಂಧ ಇಲ್ಲ ಕಣ್ಲಾ," ಎಂದೆ. "ನಂಗೆ ಕಿವಿ ಕೇಳಕ್ಕಿಲ್ಲ. ವರ್ಸದ ಮೇಲಾಯ್ತು. ಅವತ್ತು ಸುಮ್ನೆ ತಟ್ದೆ. ಏನೂ ಕೇಳಿಸ್ದೆ ಆಕು ಅಂದೆ."

ಸಾಕಮ್ಮ ಬಾಗಿಲಲ್ಲೇ ನಿಂತಳು. ಚಿಕ್ಕಲಿಂಗ ಮುಖದ ಬಟ್ಟೆ ಸರಿಪಡಿಸಿಕೊಂಡ. ಆಮೇಲೆ ನನಗೆ ಕೇಳಿಸಲಿ ಎಂದು, ದವಡೆ ನೋವಿದ್ದರೂ, ಗಟ್ಟಿಯಾಗಿ ಹೇಳಿದ.

"ನಂಗೆ ಬೊದ್ ಅಂತ ಕೇಳುಸ್ತು ಸಿದ್ದಣ್ಣ. ಅದ್ಕೇ ತಂದು ಕೊಟ್ಟೆ. ನೀನು ಸರಿ ಅದೆ ಅಂದ್ಮೇಲೆ ನನ್ನ ಕಿವೀನೇ ಕೆಟ್ಟದೆ ಅನ್ಕಂಡೆ."

ಇಷ್ಟು ವರ್ಷಗಳಲ್ಲಿ ನನಗೆ ಯಾರ್ಯಾರೋ ಏನೇನೋ ಬೈದಿದ್ದಾರೆ. ಇದಕ್ಕಿಂತ ದೊಡ್ಡ ಏಟು ತಿಂದಿಲ್ಲ. "ಓಗಣ್ಣ ನೀನು," ಎಂದಳು ಸಾಕಮ್ಮ. ಹೋದೆ.

ಮಾರನೆಯ ಬೆಳಿಗ್ಗೆ ಯಜಮಾನರಿಗೂ ಎಲ್ಲರ ಎದುರು ಹೇಳಿದೆ. ಅವರು ಅಂದೇ ನನ್ನನ್ನು ಲೇತಿನಿಂದ ಇಳಿಸಿ ಮರಳುಕಾಗದದ ಬೆಂಚಿಗೆ ಹಾಕಿದರು. ನಾನು ಹೆದರಿದ್ದು ಇದಕ್ಕೇ. ಕೂತು ನೋಡಿದರೆ ಅಷ್ಟೇನೂ ಕೆಟ್ಟದಿರಲಿಲ್ಲ. ಉಜ್ಜಿದ ಪುಡಿ ಹೋಗಲೆಂದು ತೇವದ ಬಟ್ಟೆಯಲ್ಲಿ ಮರ ಒರೆಸುವಾಗ ಒಂದು ವಿಷಯ ಕಂಡಿತು. ಒರೆಸಿದ ನೀರು ಬೇಗ ಆರುತ್ತದೆ. ಆದರೆ ಸೀಳು ಇರುವ ಕಡೆ ನೀರು ಒಳಗಿಳಿದು ಕೂದಲೆಳೆಯಂಥ ಕಪ್ಪು ಗೆರೆ ಉಳಿದುಕೊಳ್ಳುತ್ತದೆ. ಕಿವಿ ಬೇಡ, ಕಣ್ಣು ಸಾಕು. ಯಜಮಾನರು ನನ್ನ ಕೈಗೆ ತುಂಡುಗಳನ್ನು ಕೊಟ್ಟು ಪರೀಕ್ಷೆ ಮಾಡಿಸಿ ಒಪ್ಪಿದರು. ಕಿವಿಯಿದ್ದವರು ತಟ್ಟಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಬೇಕು, ನಾನು ಒರೆಸಿ ನೋಡಿ ಎರಡನೆಯ ಗೆರೆ ಎಳೆಯಬೇಕು, ಎರಡು ಗೆರೆ ಇಲ್ಲದ ತುಂಡು ಲೇತಿಗೆ ಏರಬಾರದು ಎಂದು ಬೋರ್ಡಿನಲ್ಲಿ ಬರೆಸಿದರು.

ಈಗಲೂ ಅದೇ ನಿಯಮ ನಡೆಯುತ್ತಿದೆ. ಅದು ಬಸವಾಚಾರಿಯವರ ಕಾಲದಿಂದ ಬಂದ ಸಂಪ್ರದಾಯ ಎಂದು ಹೊಸಬರು ಅಂದುಕೊಂಡಿದ್ದಾರಂತೆ. ಅಲ್ಲ. ಮೊದಲ ಗೆರೆ ಅವರದು. ಎರಡನೆಯದು ನನ್ನ ಸುಳ್ಳಿನದು. ನಾನು ಹೇಳಬೇಕೆಂದಿದ್ದ ಎರಡನೆಯ ಮಾತು ಇಷ್ಟೇ: ನಿಮಗೆ ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನಿ. ಕಾಣದಿದ್ದರೆ ಕಾಣಲಿಲ್ಲ ಅನ್ನಿ. ಬೆಂಚಿಗೆ ಹಾಕಿದರೆ ಹಾಕಲಿ.

ಎರಡು ತಿಂಗಳ ಮೇಲೆ ಚಿಕ್ಕಲಿಂಗ ಕೆಲಸಕ್ಕೆ ಬಂದ. ಕೈಯಲ್ಲಿ ದಾರ ಇತ್ತು. ನಾವೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದೆವು. ಯಜಮಾನರು ಇನ್ನೂ ಬಂದಿರಲಿಲ್ಲ. ಅವನು ಹಲಗೆಯ ಮುಂದೆ ಹೋಗಿ ಸುಮಾರು ಹೊತ್ತು ನಿಂತ. ಆಮೇಲೆ ಮಣಿಕಟ್ಟನ್ನು ಬಾಯಿಗೆ ತಂದು, ಸಾಕಮ್ಮ ಹಾಕಿದ್ದ ಒಂದೊಂದೇ ಗಂಟನ್ನು ಹಲ್ಲಿನಿಂದ ಬಿಚ್ಚಿ, ದಾರವನ್ನು ತನ್ನ ಮೊಳೆಗೆ ಹಾಕಿದ. ಮುಖಕ್ಕೆ ಪರದೆ ಇಳಿಸಿಕೊಂಡ. ರಾಶಿಯಿಂದ ಒಂದು ತುಂಡು ಎತ್ತಿ, ಕಿವಿಗೆ ಹಿಡಿದು ತಟ್ಟಿ, ಗೆರೆ ಎಳೆದು, ನನ್ನ ಬೆಂಚಿನ ಮೇಲೆ ಇಟ್ಟ. ನಾನು ಒರೆಸಿದೆ, ಆರುವ ತನಕ ಕಾದೆ, ನೋಡಿದೆ, ಎರಡನೆಯ ಗೆರೆ ಎಳೆದೆ. ಅವನು ಎತ್ತಿಕೊಂಡು ಹೋದ. ದಿನವಿಡೀ ಹೀಗೇ ನಡೆಯಿತು. ಒಂದು ಮಾತಿಲ್ಲ.

ಸಂಜೆ ಎಲ್ಲರೂ ಕೈಕಾಲು ತೊಳೆದುಕೊಂಡು ಹಲಗೆಯ ಹತ್ತಿರ ಬಂದರು. ನಾನು ದೂರವೇ ನಿಂತಿದ್ದೆ. ಅವನ ದಾರವನ್ನು ಇನ್ಯಾರಾದರೂ ಕಟ್ಟಲಿ ಎಂದು ಕಾಯುತ್ತಿದ್ದೆ. ರತ್ನಮ್ಮ ಕೈ ಮುಂದೆ ಮಾಡಿದಳು. ಚಿಕ್ಕಲಿಂಗ ಬೇಡ ಎಂದು ತಲೆ ಆಡಿಸಿ, ದಾರ ಹಿಡಿದುಕೊಂಡು ಶೆಡ್ಡಿನ ಈ ತುದಿಗೆ ನಡೆದು ಬಂದ. ಎರಡು ಗಜ ದೂರದಲ್ಲಿ ನಿಂತು, ನನಗೆ ಕೇಳಿಸುವಷ್ಟು ಜೋರಾಗಿ, "ಬಸ್ ಒತ್ತಾಯ್ತು, ಬೇಗ ಕಟ್ಟು," ಎಂದು ಕೈ ಚಾಚಿದ.